ಕೆಂಪು ಶಾಯಿಯ ಗುಡ್

ನಮ್ಮ ಮನೆಯಲ್ಲಿ ‘ಗುಡ್’ ಎಂಬ ಪದಕ್ಕೆ ಬೀಗ ಹಾಕಿತ್ತು. ಕೀಲಿಕೈ ನನ್ನ ಯಜಮಾನರ ಹತ್ತಿರ ಇತ್ತು. ಅವರು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಟ್ಯೂಷನ್ನೂ ಹೇಳುತ್ತಿದ್ದರು. ಮಕ್ಕಳ ನೋಟ್‌ಬುಕ್ ತಿದ್ದಿ, ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಪದ ಬರೆದು ಸಣ್ಣ ಸಹಿ ಹಾಕುವುದು ಎಲ್ಲ ಮಾಸ್ತರರ ಪದ್ಧತಿ. ಬೇರೆಯವರು ‘ಗುಡ್’, ‘ವೆರಿ ಗುಡ್’ ಎಂದು ಮದುವೆ ಮನೆಯಲ್ಲಿ ಅಕ್ಷತೆ ಎರಚಿದ ಹಾಗೆ ಎರಚುತ್ತಿದ್ದರು. ಇವರು ಹಾಗಲ್ಲ. ತೀರ ಕೆಟ್ಟದ್ದಕ್ಕೆ ‘ಪೂರ್’. ನಡುವಿನದಕ್ಕೆ ‘ಸೀನ್’, ಅಂದರೆ ನೋಡಿದ್ದೇನೆ, ಅಷ್ಟೇ. ಜೀವ ತೇದು ಬರೆದವರಿಗೆ ‘ಫೇರ್’. ಅದರ ಮೇಲೆ ಮೆಟ್ಟಿಲೇ ಇರಲಿಲ್ಲ.

ನನ್ನ ಅಡಿಗೆಗೂ ಇದೇ ಕಾನೂನು. ಎಣ್ಣೆಗಾಯಿ ಮಾಡಿ ಬಡಿಸಿ, ಅವರ ಮುಖವನ್ನೇ ನೋಡುತ್ತಾ ನಿಂತು, “ಹ್ಯಾಂಗ ಆಗ್ಯಾದ್ರೀ?” ಎಂದರೆ “ನಡೀತದ” ಎನ್ನುತ್ತಿದ್ದರು. ಹೊಸ ಸೀರೆ ಉಟ್ಟು ನಿಂತರೂ “ನಡೀತದ”. ಮಗಳು ಹುಟ್ಟಿದಾಗ ದವಾಖಾನೆಗೆ ಬಂದು ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, “ನಡೀತದ ಅಂದ್ರ ನೋಡ್ರಿ ಮತ್ತ!” ಎಂದು ಬೆದರಿಸಿದ್ದೆ. ನಕ್ಕುಬಿಟ್ಟರು. ಒಳ್ಳೆಯ ಮಾತೂ ಬರಲಿಲ್ಲ, ಆ ಮಾತೂ ಬರಲಿಲ್ಲ.

ನಾನು ಕಮಲಾಪುರದವಳು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಒಂದು ತಾಸಿನ ದಾರಿ. ಅಪ್ಪನಿಗೆ ಕೆಂಬಾಳೆಯ ತೋಟ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಎಲ್ಲ ವಿಷಯಗಳಲ್ಲೂ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಢುಮ್ಕಿ ಹೊಡೆದಿದ್ದೆ. ನಿಮ್ಮ ಊರಿನ ಬಗ್ಗೆ ಬರೆಯಿರಿ ಎಂಬ ಪ್ರಶ್ನೆ ಬಂದಿತ್ತು. ನಾನು ಬರೆದದ್ದು ಈಗಲೂ ಬಾಯಿಪಾಠ ಇದೆ: ‘ಮೈ ವಿಲೇಜ್ ಈಸ್ ಗುಡ್. ಮೈ ಫಾದರ್ ಈಸ್ ಗುಡ್. ಬನಾನಾ ಈಸ್ ಗುಡ್. ರೋಡ್ ಈಸ್ ನಾಟ್ ಗುಡ್.’ ಹೀಗೇ ಒಂದು ಪುಟ. ನನಗೆ ಗೊತ್ತಿದ್ದ ಗುಣವಾಚಕ ಅದೊಂದೇ, ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕಿದ್ದೆ. ಮರುವರ್ಷವೇ ಮದುವೆಯಾಯಿತು. ಇಂಗ್ಲಿಷಿನಲ್ಲಿ ನಪಾಸಾದವಳಿಗೆ ಇಂಗ್ಲಿಷ್ ಮಾಸ್ತರನೇ ಗಂಡ ಎಂದು ಬೀಗರೆಲ್ಲ ಊಟದ ಪಂಕ್ತಿಯಲ್ಲಿ ನಕ್ಕಿದ್ದರು. ನಾನೂ ನಕ್ಕಿದ್ದೆ.

ನಗು ನಿಂತದ್ದು ಮಗಳನ್ನು ಒಂದನೇ ತರಗತಿಗೆ ಸೇರಿಸಿದ ವರ್ಷ, ಎಂಬತ್ತರ ದಶಕದ ಕೊನೆಯಲ್ಲಿ. ಶಾಲೆಯ ಅರ್ಜಿಯನ್ನು ಇವರು ಮನೆಗೆ ತಂದು ತುಂಬುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಶೇಂಗಾಕಾಯಿ ಸುಲಿಯುತ್ತಿದ್ದೆ. ‘ತಾಯಿಯ ವಿದ್ಯಾರ್ಹತೆ’ ಎಂಬಲ್ಲಿ ಅವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಎಸ್.ಎಸ್.ಎಲ್.ಸಿ. ಫೇಲ್’ ಎಂದು ಬರೆದರು.

“ಬರೇ ಎಸ್ಸೆಸ್ಸೆಲ್ಸಿ ಅಂತ ಬರದ್ರ ಆಗ್ತಿರ್ಲಿಲ್ಲೇನ್ರೀ?” ಎಂದೆ.

“ಇದ್ದದ್ದು ಇದ್ದಂಗ ಬರೀಬೇಕಲ್ಲ” ಎಂದರು. ಅವರಿಗೆ ಅದರಲ್ಲಿ ನೋಯಿಸುವಂಥದ್ದು ಏನಿದೆ ಎಂದೇ ಹೊಳೆದಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಮೂರು ದಿನ ಬಿಟ್ಟು, ಈ ಸಲ ಸಪ್ಟೆಂಬರ್ ಪರೀಕ್ಷೆಗೆ ನಾನು ಇಂಗ್ಲಿಷಿಗೆ ಕೂರುತ್ತೇನೆ, ನೀವೇ ಕಲಿಸಬೇಕು ಎಂದು ಹೇಳಿದೆ. ಈಗಲೇ ಹೇಳಿಬಿಡುತ್ತೇನೆ, ಆ ಪರೀಕ್ಷೆಯಲ್ಲಿ ನಾನು ಪಾಸಾದೆ. ಆದರೆ ಆ ದಿನಗಳಲ್ಲಿ ನನ್ನ ಎದೆಯೊಳಗೆ ಕೂತಿದ್ದ ಆಸೆ ಪರೀಕ್ಷೆಯದಲ್ಲ. ಅವರ ಕೈಯಿಂದ, ಕೆಂಪು ಶಾಯಿಯಲ್ಲಿ, ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ‘ಗುಡ್’ ಬರೆಸಿಕೊಳ್ಳಬೇಕು ಎಂಬುದು.

ಮೊದಲ ದಿನವೇ ಅವರು ಒಂದು ಕರಾರು ಹಾಕಿದರು. “ನಿನ್ನ ನೋಟ್‌ಬುಕ್ಕಿನ್ಯಾಗ ಗುಡ್ ಅನ್ನೋದು ಕಾಣಬಾರ್ದು.”

“ಯಾಕ್ರೀ? ಅದೇನ್ ಬೈಗುಳೇನು?”

“ಬೈಗುಳಾದ್ರೂ ಬರೋಬ್ಬರಿ ತಾಕ್ತದ. ಇದು ಎಲ್ಲಿಗೂ ತಾಕಂಗಿಲ್ಲ. ನಮ್ಮ ಚಲೋ ಇದ್ದಂಗ ನೋಡು. ಚಲೋ ಹುಡುಗಿ ಅಂತೀವಿ, ಚಲೋ ಮಳಿ ಅಂತೀವಿ, ಚಲೋ ಹೊಡತ ತಿಂದ ಅಂತೀವಿ. ಹುಡುಗಿ ಹ್ಯಾಂಗ ಚಲೋ? ಮಳಿ ಎಷ್ಟು ಬಂತು? ಅದನ್ನ ಹೇಳು.”

ಆಮೇಲೆ ಅವರಿಗೆ ಹುರುಪು ಹತ್ತಿತು. ಒಬ್ಬರು ಲೆಕ್ಕದಲ್ಲಿ ಗುಡ್ ಎಂದರೆ ಜಾಣತನ, ಬೆಲ್ಲ ಆರೋಗ್ಯಕ್ಕೆ ಗುಡ್ ಎಂದರೆ ಹಿತ, ಮನುಷ್ಯ ಗುಡ್ ಎಂದರೆ ನಡತೆ, ಹಾಲು ಇನ್ನೂ ಗುಡ್ ಎಂದರೆ ಒಡೆದಿಲ್ಲ, ‘ಎ ಗುಡ್ ಟೂ ಅವರ್ಸ್’ ಎಂದರೆ ಎರಡು ತಾಸಿಗೆ ಕಡಿಮೆ ಇಲ್ಲ. ಒಂದು ಪದಕ್ಕೆ ಇಷ್ಟು ಕೆಲಸ ಹಚ್ಚಿದರೆ ಅದು ಪಾಪ ಯಾವುದನ್ನು ನೆಟ್ಟಗೆ ಮಾಡೀತು ಎಂದು ಕೈ ಆಡಿಸುತ್ತಾ ಹೇಳುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನ್ನ ಎದುರು ಅಷ್ಟು ಹೊತ್ತು ಮಾತಾಡಿದ್ದೇ ಇರಲಿಲ್ಲ. ಅವರ ಕಣ್ಣು ಮಿನುಗುತ್ತಿತ್ತು. ಪಾಠಕ್ಕಿಂತ ಆ ಕಣ್ಣನ್ನು ನೋಡಲಿಕ್ಕೆ ನಾನು ಸಂಜೆಯಾಗುವುದನ್ನು ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ.

ಮುಂದಿನ ಕೋಣೆಯಲ್ಲಿ ಮಕ್ಕಳು ಪಾಠ ಓದುತ್ತಿದ್ದರೆ ನಾನು ಒಳಗೆ ರೊಟ್ಟಿ ಬಡಿಯುತ್ತಾ ಅದೇ ಸಾಲುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ನನ್ನ ಉಚ್ಚಾರ ಕೇಳಿ ಮಕ್ಕಳು ಕಿಸಕ್ಕೆಂದು ನಗುವುದು ಕೇಳಿಸುತ್ತಿತ್ತು. ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ. ಬಾಳೆಹಣ್ಣಿನ ಬಗ್ಗೆ ಗುಡ್ ಬಳಸದೆ ಐದು ವಾಕ್ಯ ಬರಿ ಎಂದಾಗ ಎರಡು ದಿನ ಹೆಣಗಾಡಿ ಬರೆದೆ: ಸಿಪ್ಪೆ ಕೆಂಪು, ಮುಟ್ಟಿದರೆ ದಪ್ಪ, ಒಳಗಿನ ತಿರುಳು ಕೆನೆಯ ಬಣ್ಣ, ಒಂದು ತಿಂದರೆ ಹೊಟ್ಟೆ ತುಂಬುತ್ತದೆ, ಹಣ್ಣಿಟ್ಟ ಕೋಣೆಗೆ ಕತ್ತಲಲ್ಲೂ ವಾಸನೆಯಿಂದಲೇ ದಾರಿ ಸಿಗುತ್ತದೆ. ಅವರು ಓದಿದರು. ಇನ್ನೊಮ್ಮೆ ಓದಿದರು. ಕೆಂಪು ಪೆನ್ನು ಕಾಗದದ ಮೇಲೆ ಒಂದು ಕ್ಷಣ ನಿಂತಿತು. ‘ಸೀನ್’ ಎಂದು ಬರೆದು ಸಹಿ ಹಾಕಿದರು.

ಮೃಗಶಿರ ಮಳೆ ಬಿದ್ದ ವಾರ, ಜಗತ್ ಸರ್ಕಲ್ ಹತ್ತಿರ ಸೈಕಲ್ ಜಾರಿ ಬಿದ್ದು ಅವರ ಬಲಗೈ ಮುರಿಯಿತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಶಾಲೆಗೆ ಹೋಗುತ್ತಿದ್ದರು, ಟ್ಯೂಷನ್ನೂ ಬಿಡಲಿಲ್ಲ, ಆದರೆ ಬರೆಯಲು ಆಗದು. ಹೀಗಾಗಿ ನೋಟ್‌ಬುಕ್ ತಿದ್ದುವ ಕೆಲಸಕ್ಕೆ ನಾನೇ ಅವರ ಬಲಗೈ ಆದೆ. ಅವರು ಓದಿ ತಪ್ಪುಗಳನ್ನು ಹೇಳುವರು, ನಾನು ತಿದ್ದುವೆ. ಕೊನೆಗೆ “ಸೀನ್”, “ಪೂರ್” ಎನ್ನುವರು, ನಾನು ಹಾಗೇ ಬರೆದು ಅವರು ಕಲಿಸಿದಂತೆ ಅವರ ಸಹಿಯನ್ನೂ ಹಾಕುವೆ. ಹದಿನೈದು ದಿನ ಪ್ರಾಮಾಣಿಕವಾಗಿ ಮಾಡಿದೆ.

ಐವಾನ್-ಎ-ಶಾಹಿ ಕಡೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಗಡಿಯಾರ ರಿಪೇರಿ ಮಾಡುವವರ ಮಗಳು. ಬಹಳ ಮೆಲ್ಲಗೆ ಮಾತಾಡುವ ಹುಡುಗಿ. ಅವಳು ಒಂದು ದಿನ ತನ್ನ ಅಜ್ಜಿಯ ಬಗ್ಗೆ ಬರೆದಿದ್ದಳು. ಅಜ್ಜಿ ಸೂಜಿಗೆ ದಾರ ಪೋಣಿಸಲು ತನ್ನನ್ನು ಕರೆಯುತ್ತಾಳೆ, ಪೋಣಿಸಿ ಕೊಟ್ಟ ಮೇಲೂ ತನ್ನ ಕೈ ಬಿಡುವುದಿಲ್ಲ ಎಂದು. ಇವರು ಗಟ್ಟಿಯಾಗಿ ಓದುತ್ತಿದ್ದವರು ಅಲ್ಲಿ ತಡೆದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಆಮೇಲೆ “ಫೇರ್” ಎಂದರು.

ನಾನು ‘ಗುಡ್’ ಎಂದು ಬರೆದೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಉಪವಾಸ ಇದ್ದವಳ ಕೈಗೆ ಉಗ್ರಾಣದ ಕೀಲಿ ಸಿಕ್ಕಿತ್ತು. ಆ ದಿನ ಉಳಿದಿದ್ದ ಹದಿನೇಳು ನೋಟ್‌ಬುಕ್ಕುಗಳಿಗೂ ಅವರು ಏನು ಹೇಳಿದರೂ ನಾನು ‘ಗುಡ್’ ಎಂದೇ ಬರೆದೆ. ಆಕಳಿನ ಬಗ್ಗೆ ಮೂರು ಸಾಲು ಬರೆದು, ಅದರಲ್ಲೂ ಆಕಳಿಗೆ ಐದು ಕಾಲು ಕೊಟ್ಟವನಿಗೂ ‘ಗುಡ್’. ಪ್ರತಿಯೊಂದರ ಕೆಳಗೂ ಅವರ ಸಹಿ.

ಮೂರನೇ ದಿನ ಬೆಳಗ್ಗೆ ಆ ಹುಡುಗಿಯ ತಾಯಿ, ಬುರ್ಖಾದೊಳಗೆ ಒಂದು ಡಬ್ಬಿ ಹಿಡಿದುಕೊಂಡು, ಮಗಳ ಜತೆ ನಮ್ಮ ಬಾಗಿಲಿಗೆ ಬಂದರು. ಡಬ್ಬಿಯಲ್ಲಿ ಡಬಲ್ ಕಾ ಮೀಠಾ, ಬ್ರೆಡ್ಡಿನ ಸಿಹಿ. “ಸರ್, ನಮ್ ಬಚ್ಚೀಗಿ ಗುಡ್ ಕೊಟ್ಟೀರಂತ. ರಾತ್ ಭರ್ ಕಿತಾಬ್ ಸಿರಾಣೆ ಇಟ್ಕೊಂಡಿ ಮಲ್ಗ್ಯಾಳ ನೋಡ್ರಿ” ಎಂದರು. ನೋಟ್‌ಬುಕ್ಕನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದಳಂತೆ. ಇವರು ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ನೋಟ್‌ಬುಕ್ಕನ್ನು ಇಸಿದುಕೊಂಡು ಆ ಪುಟ ತೆಗೆದರು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಪುಟ ಮುಚ್ಚಿ, “ಹಿಂಗೇ ಬರಕೋತ ಹೋಗವ್ವ” ಎಂದು ವಾಪಸು ಕೊಟ್ಟರು.

ತಾಯಿ ಮಗಳು ಹೋದ ಮೇಲೆ ನಮ್ಮಿಬ್ಬರಿಗೆ ಜಗಳವಾಯಿತು. ಜಗಳ ಎಂದರೆ ನನ್ನದೇ ಗದ್ದಲ, ಅವರದು ನಾಲ್ಕು ಮಾತು.

“ಎಷ್ಟು ಮಂದಿಗಿ ಬರದಿ?”

“ಹದಿನೆಂಟು.”

“ಆಕಿ ಒಬ್ಬಾಕಿಗಿ ಬರದಿದ್ರ ನಾ ಮಾತಾಡ್ತಿರ್ಲಿಲ್ಲ. ಆಕಿಗೂ ಗುಡ್, ಐದು ಕಾಲಿನ ಆಕಳಕ್ಕೂ ಗುಡ್. ಆಕಿ ಗುಡ್‌ಗೆ ಈಗೇನ್ ಉಳೀತು? ಅದೂ ನನ್ನ ಸಹಿ ಹಾಕಿ!”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ತಡೆಯಲಾರದ ಸಿಟ್ಟು ಬಂತು. “ಮಕ್ಕಳು ನೋಟ್‌ಬುಕ್ ಇಸ್ಕೊಂಡು ಮೊದಲು ಎಲ್ಲಿ ನೋಡ್ತಾವ, ನೀವು ನೋಡೀರೇನು? ಕಡೀ ಪುಟ ತಗೀತಾವ. ನೋಡಿ ಮಾರಿ ಸಣ್ಣ ಮಾಡ್ತಾವ. ನಾ ದಿನಾ ಒಳಗಿಂದ ನೋಡ್ತೀನಿ. ನಂದೂ ಅದೇ ಮಾರಿ ಅದ. ಒಂಬತ್ತು ವರ್ಷ ಆಯ್ತು, ನನಗ ಒಂದಾದ್ರೂ ಚಲೋ ಮಾತು ಆಡೀರೇನು? ಫೇಲ್ ಅನ್ನೋದು ಮಾತ್ರ ಮುತ್ತು ಪೋಣಿಸಿದಂಗ ಬರದ್ರಿ!”

ಅವರ ಮುಖದ ಬಣ್ಣ ಹೋಯಿತು. ಶಾಲೆಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ದಿನದಿಂದ ನೋಟ್‌ಬುಕ್ಕುಗಳನ್ನು ಎಡಗೈಯಿಂದ ತಾವೇ ತಿದ್ದತೊಡಗಿದರು. ಒಂದು ಪದ ಬರೆಯಲು ಐದು ನಿಮಿಷ. ನನ್ನ ಪಾಠ ನಿಂತಿತು. ಅವರು ನಿಲ್ಲಿಸಲಿಲ್ಲ, ನಾನು ಕೇಳಲಿಲ್ಲ. ಡಬಲ್ ಕಾ ಮೀಠಾವನ್ನು ಮಗಳು ಒಬ್ಬಳೇ ತಿಂದು ಮುಗಿಸಿದಳು.

ಶ್ರಾವಣ ಬಂತು. ಪ್ಲಾಸ್ಟರ್ ತೆಗೆದರು, ಆದರೂ ಬೆರಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಪಂಚಮಿಗೆ ಕರೆಯಲು ಅಪ್ಪ ಬಂದ. ಬೇರೆ ವರ್ಷವಾದರೆ ಎಂಟು ದಿನಕ್ಕೆ ತಿರುಗಿ ಬರುತ್ತಿದ್ದವಳು ಆ ಸಲ ಎಷ್ಟು ದಿನ ಎಂದು ಹೇಳದೆ ಮಗಳನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಮಗಳ ಶಾಲೆ ತಪ್ಪುತ್ತದೆ ಎಂದು ಅವರು ಅನ್ನಲಿಲ್ಲ. ಬಸ್ಸಿನ ಕಿಟಕಿಯ ಕೆಳಗೆ ನಿಂತು, “ಪುಸ್ತಕ ಇಟ್ಕೊಂಡೀ ಏನು?” ಎಂದು ಮಾತ್ರ ಕೇಳಿದರು.

ತೋಟದಲ್ಲಿ ಗೊನೆಗಳು ತುಂಬಿ ಬಂದಿದ್ದವು. ಅಪ್ಪ ಒಣಗಿದ ಎಲೆಗಳನ್ನು ಗೊನೆಗೆ ಸುತ್ತಿ ಕಟ್ಟುತ್ತಿದ್ದ. ನಾನು ಸುಮ್ಮನಿರದೆ, “ಈ ಸಲ ಭಾಳ ಚಲೋ ಬಂದಾವಲ್ಲ ಯಪ್ಪಾ” ಎಂದುಬಿಟ್ಟೆ.

“ಸುಮ್ನಿರವ್ವ” ಎಂದು ಗದರಿದ. “ಗಿಡದಾಗ ಇರೋತನಕ ಹಂಗ ಅನಬಾರ್ದು. ದೃಷ್ಟಿ ಆಗ್ತದ.”

ಇದು ನನಗೆ ಮರೆತೇ ಹೋಗಿತ್ತು. ನಮ್ಮೂರಲ್ಲಿ ತೋಟದವರು ತಮ್ಮ ಗೊನೆಯನ್ನು ತಾವೇ ಹೊಗಳುವುದಿಲ್ಲ. ಯಾರಾದರೂ ಬೆಳೆ ಹೇಗಿದೆ ಎಂದು ಕೇಳಿದರೆ ಅಪ್ಪ, “ಏನೋ ಅದ ನೋಡ್ರಿ” ಎನ್ನುತ್ತಿದ್ದ. ಹಾಗೆಂದು ದಿನಕ್ಕೆ ನಾಲ್ಕು ಸಲ ಅದೇ ಗೊನೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ, ಎಲೆ ಸರಿಸಿ ನೋಡುತ್ತಿದ್ದ, ಗಾಳಿಗೆ ಗಿಡ ಬೀಳದಂತೆ ಊರುಗೋಲು ಕೊಡುತ್ತಿದ್ದ. ಅಪ್ಪನ “ಏನೋ ಅದ”, ಇವರ “ನಡೀತದ”, ಎರಡೂ ಒಂದೇ ಊರಿನ ಮಾತಿನ ಹಾಗೆ ಕೇಳಿಸಿತು. ಒಂದು ಗಳಿಗೆ ಮನಸ್ಸು ಮೆತ್ತಗಾಯಿತು. ಆದರೆ ನಾನು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಗೊನೆಗೆ ಕಿವಿ ಇಲ್ಲ, ನನಗೆ ಎರಡು ಇವೆ ಎಂದು ನನಗೇ ಹೇಳಿಕೊಂಡೆ.

ಆ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಅವರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದೆ. ನನ್ನ ಜನ್ಮದ ಮೊದಲ ಇಂಗ್ಲಿಷ್ ಕಾಗದ. ಅಪ್ಪ ಎಲೆ ಸುತ್ತುವುದನ್ನು ಬರೆದೆ. ಗೊನೆ ಕಡಿದ ಮೇಲೆ ಅದನ್ನು ತಕ್ಷಣ ಕೆಳಗಿಡದೆ, ನಿದ್ದೆ ಹೋದ ಕೂಸನ್ನು ಹೊತ್ತವರ ಹಾಗೆ ಹೆಗಲ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾನೆ ಎಂದು ಬರೆದೆ. ಮಗಳು ಜೋಕಾಲಿಯಿಂದ ಇಳಿಯುತ್ತಿಲ್ಲ ಎಂದು ಬರೆದೆ. ಕೊನೆಗೆ ‘ನನಗೆ ಸಿಟ್ಟು ಇಲ್ಲ’ ಎಂದೂ ಬರೆದೆ. ಇಡೀ ಕಾಗದದಲ್ಲಿ ‘ಗುಡ್’ ಒಂದು ಸಲವೂ ಇರಲಿಲ್ಲ.

ಆರನೇ ದಿನ ಲಕೋಟೆ ಬಂತು. ಒಡೆದು ನೋಡಿದರೆ ಒಳಗೆ ನನ್ನದೇ ಕಾಗದ! ಹೆಂಡತಿ ಬರೆದ ಕಾಗದವನ್ನು ಆ ಮನುಷ್ಯ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದರು. ಜೋಕಾಲಿಯ ಸ್ಪೆಲ್ಲಿಂಗ್ ತಿದ್ದಿದ್ದರು. ಎರಡು ಕಡೆ ಕಾಮಾ ಹಾಕಿದ್ದರು. ‘ನನಗೆ ಸಿಟ್ಟು ಇಲ್ಲ’ ಎಂಬುದರ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ. ಅಪ್ಪ ಮತ್ತು ಗೊನೆಯ ಸಾಲಿನ ಕೆಳಗೆ ಮಾತ್ರ ಯಾವ ತಿದ್ದುಪಡಿಯೂ ಇಲ್ಲದೆ ಉದ್ದಕ್ಕೆ ಒಂದು ಗೆರೆ. ನಾನು ಕೊನೆಯ ಪುಟ ತಿರುವಿದೆ, ಆ ಮಕ್ಕಳ ಹಾಗೆಯೇ. ಅಲ್ಲಿ ‘ಗುಡ್’ ಇತ್ತು, ಆದರೆ ನಾನು ಕಾದ ರೀತಿಯಲ್ಲಿ ಅಲ್ಲ. ಮಡಚಲಾರದ ಬೆರಳುಗಳ ಸೊಟ್ಟ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಹೌಸ್ ಈಸ್ ನಾಟ್ ಗುಡ್. ಕಮ್.’

ನಾನು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಇದು ಎಸ್ಸೆಸ್ಸೆಲ್ಸಿಯಲ್ಲಿ ನನ್ನನ್ನು ಫೇಲ್ ಮಾಡಿದ ವಾಕ್ಯದ ತಮ್ಮ. ಬೇರೆ ಯಾರು ಬರೆದಿದ್ದರೂ ಅವರು ಅದಕ್ಕೆ ‘ಪೂರ್’ ಕೊಡುತ್ತಿದ್ದರು.

“ಏನ್ ಬರದಾರವ್ವ ಅಳಿಯಂದ್ರು?” ಅಪ್ಪ ಕೇಳಿದ.

“ಮನಿ ಚಲೋ ಇಲ್ಲಂತ.”

“ಯಾಕ, ಸೋರಾಕತ್ತದೇನು?” ಅಪ್ಪನಿಗೆ ಗಾಬರಿ. ಶ್ರಾವಣದ ಜಡಿಮಳೆ ಬೇರೆ.

“ಗೊತ್ತಿಲ್ಲ ಯಪ್ಪಾ. ಹೋಗಿ ಕೇಳ್ತೀನಿ” ಎಂದೆ.

ಮರುದಿನ ಒಂದು ಚೀಲದ ತುಂಬ ಕೆಂಬಾಳೆ ಹೊತ್ತು ಮನೆಗೆ ಬಂದೆ. ಭಾನುವಾರ, ಟ್ಯೂಷನ್ ಇರಲಿಲ್ಲ. ಅವರು ಒಬ್ಬರೇ ಮುಂದಿನ ಕೋಣೆಯಲ್ಲಿ ಕೂತಿದ್ದರು. ಮಗಳು ಓಡಿಹೋಗಿ ತೊಡೆಯೇರಿದಳು. ನಾನು ಚೀಲ ಇಳಿಸಿ, ಅವರದೇ ಕೆಂಪು ಪೆನ್ನು ತೆಗೆದುಕೊಂಡು, ಕಾಗದದ ಕೊನೆಯ ಸಾಲಿನ ‘ನಾಟ್ ಗುಡ್’ ಸುತ್ತ ಒಂದು ಗುಂಡು ಸುತ್ತಿ ಅವರ ಮುಂದೆ ಇಟ್ಟೆ.

“ಇದು ಎಲ್ಲಿಗೂ ತಾಕಂಗಿಲ್ರೀ. ಮನಿ ಹ್ಯಾಂಗ ಚಲೋ ಇಲ್ಲ? ವಿವರಿಸಿ ಬರೀರಿ. ಐದು ವಾಕ್ಯ.”

ತಮಾಷೆಗೆ ಅಂದಿದ್ದೆ. ಅವರು ಮಾತ್ರ ಒಂದು ಹಾಳೆ ತೆಗೆದುಕೊಂಡು, ಮಗಳನ್ನು ಪಕ್ಕಕ್ಕೆ ಕೂರಿಸಿ, ನಿಜವಾಗಿಯೂ ಬರೆಯಲು ಕೂತರು. ನಾನು ಒಲೆ ಹಚ್ಚಿ, ಅನ್ನಕ್ಕಿಟ್ಟು, ಪಲ್ಯ ಮಾಡಿ ಮುಗಿಸುವವರೆಗೂ ಆ ಸೊಟ್ಟ ಬೆರಳುಗಳಿಂದ ಬರೆಯುತ್ತಲೇ ಇದ್ದರು. ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು, ನೋಟ್‌ಬುಕ್ ಒಪ್ಪಿಸುವ ಹುಡುಗನ ಹಾಗೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಅಲ್ಲೇ ನಿಂತು, ಒಂದೊಂದೇ ಪದ ಕೂಡಿಸಿಕೊಂಡು ಓದಿದೆ. ಕನ್ನಡದಲ್ಲಿ ಅದು ಹೀಗೆ:

‘ಖಾನಾವಳಿಯ ರೊಟ್ಟಿಗೆ ಸಪ್ಪಳವಿಲ್ಲ. ಚಹಾ ಮಾಡಿದರೆ ಮರೆತು ಎರಡು ಕಪ್ಪು ಇಡುತ್ತೇನೆ. ಮಕ್ಕಳು ಪಾಠ ಓದಿ ಒಳಗಿನಿಂದ ಯಾರಾದರೂ ತಪ್ಪಾಗಿ ಹೇಳಲಿ ಎಂದು ಕಾಯುತ್ತಾರೆ, ನಾನೂ ಕಾಯುತ್ತೇನೆ. ಆ ಅರ್ಜಿಯಲ್ಲಿ ನಾನು ಬರೆದದ್ದು ನಿಜವಿತ್ತು. ಆ ಜಾಗವನ್ನು ಖಾಲಿ ಬಿಡಬೇಕಿತ್ತು.’

ಸರಿಯಾಗಿ ಐದು ವಾಕ್ಯ. ಇನ್ನೊಮ್ಮೆ ಓದಿದೆ. ಅಕ್ಷರಗಳು ಮಂಜಾದವು, ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅವರ ಮುಖ ನೋಡಿದೆ. ದಿನಾ ಒಳಗಿನಿಂದ ನೋಡುತ್ತಿದ್ದೆನಲ್ಲ, ಕೊನೆಯ ಪುಟ ತೆರೆಯುವ ಮಕ್ಕಳ ಮುಖ, ಅದೇ ಮುಖ. ಈ ಮನುಷ್ಯನಿಗೂ ಯಾರೂ ಎಂದೂ ‘ಗುಡ್’ ಬರೆದಿಲ್ಲ ಎಂದು ನನಗೆ ಆಗ ಹೊಳೆಯಿತು.

ಕೆಂಪು ಪೆನ್ನು ನನ್ನ ಹತ್ತಿರವೇ ಇತ್ತು. ಹಾಳೆಯನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟು, ಅವರ ಐದು ಸಾಲಿನ ಕೆಳಗೆ, ನನ್ನ ಕೈಲಾದಷ್ಟು ಚೆಂದದ ಅಕ್ಷರದಲ್ಲಿ ‘ಗುಡ್’ ಎಂದು ಬರೆದೆ. ಈ ಸಲ ಸಹಿ ನನ್ನದೇ ಹಾಕಿದೆ.

ಅವರು ಅದನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ದವಾಖಾನೆಯಲ್ಲಿ ಕೂಸನ್ನು ನೋಡಿದ ಹಾಗೆ ನೋಡಿದರು. ಆಮೇಲೆ ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

“ಹ್ಯಾಂಗದ ರೀ?” ಎಂದೆ.

“ನಡೀತದ” ಎಂದರು. ನಾನು ಹಿಟ್ಟಿನ ಡಬ್ಬಿ ತೆಗೆದು, ಸಪ್ಪಳ ಮುಂದಿನ ಕೋಣೆಯವರೆಗೂ ಕೇಳುವಂತೆ ರೊಟ್ಟಿ ಬಡಿಯತೊಡಗಿದೆ.